ಬೆಳಗಿದವರ ಮೇನೆ

ಎಂದಿನಂಥದೇ ಒಂದು ದಿನ ಅದು. ಮೇನೆಯವನು ಜಗಲಿಯ ಮೇಲೆ ಕುಳಿತು ಖಾಲಿ ಮೇನೆಯ ಬೊಂಬುಗಳಿಗೆ ಎಣ್ಣೆ ತಿಕ್ಕುತ್ತಿದ್ದ. ತುಂಬುಬಸುರಿ ಮಗಳು ಹೊಸಿಲ ಒಳಗೆ ಕಾಲು ಚಾಚಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಮೇನೆಯವನ ಭಾವಮೈದ, ಅಂದರೆ ತೀರಿಕೊಂಡ ಹೆಂಡತಿಯ ತಮ್ಮ, ಎಂದಿನಂತೆ ಊಟದ ಹೊತ್ತಿಗೆ ಸರಿಯಾಗಿ ಬಂದು, ಎಂದಿನಂತೆ ಬೂಟು ಬಿಚ್ಚದೆ ಅಂಗಳದಲ್ಲೇ ನಿಂತು, ತಟ್ಟೆಯನ್ನು ಅಂಗೈ ಮೇಲಿಟ್ಟುಕೊಂಡು ಮುದ್ದೆ ನುಂಗುತ್ತಿದ್ದ.

“ಒಳಗೆ ಬಂದು ಕೂತು ತಿನ್ನು ಮಾವ,” ಎಂದಳು ಮಗಳು.

“ನಿಂತು ತಿಂದರೆ ಚೆನ್ನಾಗಿ ಜೀರ್ಣವಾಗತ್ತೆ ಕಣಮ್ಮ.”

“ಮೂರನೇ ಮುದ್ದೆ ಅಲ್ವಾ, ಜೀರ್ಣದ ಯೋಚನೆ ಬರಲೇಬೇಕು.”

ಆಗ ಪಡುವಣದ ಆಕಾಶ ಬೆಲ್ಲದ ಬಣ್ಣಕ್ಕೆ ತಿರುಗಿತು. ನೋಡನೋಡುತ್ತ ಬೆಲ್ಲ ಕರಗಿ ಕಾಕಂಬಿಯಾಯಿತು. ಧೂಳುಗಾಲ ಬಂದಿತ್ತು.

ಮಳೆಗಾಲ, ಚಳಿಗಾಲ, ಬೇಸಿಗೆ ಎಂದು ಎಲ್ಲ ಊರುಗಳಿಗೂ ಮೂರು ಕಾಲ. ಆ ಊರಿಗೆ ಧೂಳುಗಾಲವೆಂಬ ನಾಲ್ಕನೆಯದೊಂದಿತ್ತು. ಅದು ತಪ್ಪದೆ ಪ್ರತಿ ವರ್ಷ ಬರುತ್ತಿತ್ತು. ಬರುವ ಮೊದಲು ಗುಬ್ಬಿಗಳು ನೀರಿನ ತೊಟ್ಟಿ ಬಿಟ್ಟು ಹೋಗುತ್ತಿದ್ದವು, ಎಮ್ಮೆಗಳು ಮೂಡಲಿಗೆ ಮುಖಮಾಡಿ ನಿಲ್ಲುತ್ತಿದ್ದವು, ಮುದುಕರ ಮಂಡಿ ನೋಯುತ್ತಿತ್ತು. ಆದರೂ ಪ್ರತಿ ವರ್ಷ ಊರಿನ ದೀಪಸಭೆಯವರು ಡಂಗುರ ಹೊಡೆಸಿ, ‘ಯಾರೂ ಊಹಿಸಿರದ ಧೂಳು ಬಂದಿದೆ’ ಎಂದು ಸಾರುತ್ತಿದ್ದರು.

ಧೂಳು ಬಂದರೆ ನಡುಮಧ್ಯಾಹ್ನವೇ ಕಗ್ಗತ್ತಲು. ಹಣತೆ ನಿಲ್ಲುತ್ತಿರಲಿಲ್ಲ, ಗೀಚಿದ ಕಡ್ಡಿಯ ಉರಿಯನ್ನು ಧೂಳೇ ನುಂಗುತ್ತಿತ್ತು. ಊರಿಗೆ ಗತಿಯೆಂದರೆ ಗುಡ್ಡದ ಮೇಲಿನ ಗಾಳಿಚಕ್ರದಿಂದ ತಂತಿ ಹಿಡಿದು ಇಳಿದುಬರುವ ಕರೆಂಟು. ಧೂಳು ಬಂದ ಗಳಿಗೆಗೆ ಸರಿಯಾಗಿ ಅದೂ ಹೋಗುತ್ತಿತ್ತು.

ಕರೆಂಟು ಹೋಗದ ಊರು ಯಾವುದಿದೆ? ಆ ಊರಿನ ವಿಚಿತ್ರ ಬೇರೆಯದು. ಅಲ್ಲಿ ಕರೆಂಟು ಹೋದರೆ, ಯಾರಿಂದ ಹೋಯಿತೋ ಅವರ ಮೈ ಬೆಳಗುತ್ತಿತ್ತು.

ಗಾಳಿಪಟವನ್ನು ತಂತಿಗೆ ಸಿಕ್ಕಿಸಿದವನ ಕಿವಿ ಬೆಳಗಿತ್ತು. ಚಕ್ರ ಕಾಯುತ್ತ ನಿದ್ದೆಹೋದವನ ಹೊಟ್ಟೆ ಬೆಳಗಿತ್ತು. ಬೆಳಗಿದವರನ್ನು ಊರು ಬೈಯುತ್ತಿರಲಿಲ್ಲ. ಮಜ್ಜಿಗೆ ಕುಡಿಸಿ, ಮೇನೆಯಲ್ಲಿ ಕೂರಿಸಿ, ಬೆಳಕು ಎಲ್ಲಿ ತೀರ ಬೇಕೋ ಅಲ್ಲಿಗೆ ಹೊತ್ತೊಯ್ಯುತ್ತಿತ್ತು. ಹೆರಿಗೆಯ ಮನೆಗೆ, ಹಾವು ಹೊಕ್ಕ ಮನೆಗೆ, ಧಾರೆಯ ಹೊತ್ತು ಮೀರುತ್ತಿರುವ ಮದುವೆಯ ಮನೆಗೆ. ಆಮೇಲೆ ಬೆಳಗಿದವರು ತಮ್ಮದೇ ಬೆಳಕಿನಲ್ಲಿ ಏಣಿ ಹತ್ತಿ, ಕೆಟ್ಟದ್ದನ್ನು ತಮ್ಮ ಕೈಯಿಂದಲೇ ಸರಿಮಾಡುತ್ತಿದ್ದರು. ಸರಿಯಾದೊಡನೆ ಊರು ಬೆಳಗುತ್ತಿತ್ತು, ಅವರು ಆರುತ್ತಿದ್ದರು.

ಆ ಬೆಳಕಿಗೆ ಒಂದು ಸ್ವಭಾವವಿತ್ತು. ‘ಇದು ನನ್ನದು’ ಎಂದರೆ ಮೈಯಲ್ಲಿ ಮೇಲೇರುತ್ತಿತ್ತು. ‘ನನ್ನದಲ್ಲ, ಅವನದು’ ಎಂದು ಬೆರಳು ತೋರಿಸಿದರೆ ಕೆಳಗಿಳಿಯುತ್ತಿತ್ತು. ಪೂರ್ತಿ ಆರಿಹೋಗುವುದು ಮಾತ್ರ ಇರಲಿಲ್ಲ.

ಮೇನೆಯ ಮುಂದಿನ ಬೊಂಬು ಮೇನೆಯವನ ಹೆಗಲಿಗೆ, ಹಿಂದಿನದು ಭಾವಮೈದನ ಹೆಗಲಿಗೆ. ಇಬ್ಬರಿಗೂ ಮುಂದೆ, ‘ಬೆಳಗಿದವರು ಬಂದರು, ದಾರಿ ಬಿಡಿ’ ಎಂದು ಕೂಗುತ್ತ ನಡೆಯುತ್ತಿದ್ದವಳು ಮೇನೆಯವನ ಹೆಂಡತಿ. ಅವಳ ದನಿ ಎಷ್ಟು ದೊಡ್ಡದೆಂದರೆ, ದಾರಿ ಬಿಡಬೇಕಾದವರು ಪಕ್ಕದ ಬೀದಿಯಲ್ಲೂ ಬಿಡುತ್ತಿದ್ದರು.

ಈಗಿನ ಯಜಮಾನರು ಊರಿನ ಪಟ್ಟಕ್ಕೆ ಬಂದ ಮೊದಲ ಧೂಳುಗಾಲದಲ್ಲಿ ಮುಂಡಾಸಿನಿಂದ ಹಿಮ್ಮಡಿಯವರೆಗೆ ಬೆಳಗಿಬಿಟ್ಟಿದ್ದರು. ಆವತ್ತು ಊರಲ್ಲಿ ಬೆಳಕು ತೀರ ಬೇಕಾಗಿದ್ದದ್ದು ಈಯುತ್ತಿದ್ದ ಒಂದು ಎಮ್ಮೆಗೆ. ರೂಢಿ ಎಂದರೆ ರೂಢಿ. ಯಜಮಾನರು ಕೊಟ್ಟಿಗೆಯಲ್ಲಿ ಕುಕ್ಕರುಗಾಲಲ್ಲಿ ಕುಳಿತು ಎಮ್ಮೆಗೆ ಬೆಳಕು ಕೊಟ್ಟರು. ಕರು ಚೆನ್ನಾಗಿಯೇ ಹುಟ್ಟಿತು. ಯಜಮಾನರ ಮನಸ್ಸು ಮಾತ್ರ ಕೆಟ್ಟಿತು.

ಅದಾದ ಮೇಲೆ ದೀಪಸಭೆ ಹುಟ್ಟಿದ್ದು. ಕಂಬಕ್ಕೊಬ್ಬರು, ತಂತಿಗೊಬ್ಬರು, ತಂತಿಯ ಮೇಲೆ ಬಾಗುವ ಕೊಂಬೆಗೊಬ್ಬರು. ಗಾಳಿಯ ದಿಕ್ಕು ನೋಡಲು ಒಬ್ಬರು, ನೋಡಿದ್ದನ್ನು ಹೇಳಲು ಒಬ್ಬರು, ಹೇಳಿದ್ದನ್ನು ಕೇಳಲು ಇನ್ನೊಬ್ಬರು. ಒಬ್ಬೊಬ್ಬರ ಕೆಳಗೂ ಉಪಸಮಿತಿ. ಸಭೆ ಸೇರಿದವರಿಗೆಲ್ಲ ಗೌರವವೆಂದು ಮಂಡಿಯುದ್ದದ ಕಪ್ಪು ಬೂಟು. ಏನು ಕೆಟ್ಟರೂ ಕಂಬದವರು ತಂತಿಯವರನ್ನು ತೋರಿಸಿದರು, ತಂತಿಯವರು ಕೊಂಬೆಯವರನ್ನು ತೋರಿಸಿದರು, ಕೊಂಬೆಯವರು ಗಾಳಿಯವರನ್ನು ತೋರಿಸಿದರು, ಎಲ್ಲರೂ ಸೇರಿ ಆಕಾಶವನ್ನು ತೋರಿಸಿದರು. ಅಂದಿನಿಂದ ಊರಲ್ಲಿ ಬೆಳಗಿದವರನ್ನು ಕಂಡವರಿಲ್ಲ. ಕರೆಂಟು ಮಾತ್ರ ಮೊದಲಿಗಿಂತ ಹೆಚ್ಚಾಗಿ ಹೋಗುತ್ತಿತ್ತು.

“ಯಾರೂ ಬೆಳಗಿಲ್ಲ. ಆದ್ದರಿಂದ ಯಾರ ತಪ್ಪೂ ಇಲ್ಲ,” ಎಂದು ಯಜಮಾನರು ಕಟ್ಟೆಯ ಮೇಲೆ ನಿಂತು ಹೇಳುತ್ತಿದ್ದರು. ಜನ ಕತ್ತಲಲ್ಲೇ ಚಪ್ಪಾಳೆ ತಟ್ಟುತ್ತಿದ್ದರು. ಅವರಿಗೆ ಯಜಮಾನರ ಮೇಲಲ್ಲ, ಬೆಳಕಿನ ಮೇಲೆ ನಂಬಿಕೆ. ಅದು ತಾತಮುತ್ತಾತಂದಿರ ಕಾಲದಿಂದ ಸುಳ್ಳು ಹೇಳಿದ್ದಿಲ್ಲ.

ಹೋದ ವರ್ಷದ ಧೂಳುಗಾಲದಲ್ಲಿ ಮೇನೆಯವನ ಹೆಂಡತಿಗೆ ಹಾವು ಕಚ್ಚಿತು. ಪಂಡಿತ ಮದ್ದಿನ ಪೆಟ್ಟಿಗೆ ಹೊತ್ತು ಓಡಿಬಂದ. ಪೆಟ್ಟಿಗೆಯ ತುಂಬ ಶೀಶೆಗಳಿದ್ದವು. ಯಾವ ಶೀಶೆಯೆಂದು ಕತ್ತಲಲ್ಲಿ ಮೂಸಿ ಮೂಸಿ ತಿಳಿಯುವಷ್ಟರಲ್ಲಿ ಹೊತ್ತು ಮೀರಿತ್ತು. ಮೇನೆಯವನು ಬೀದಿಬೀದಿ ಅಲೆದು ನೋಡಿದ್ದ. ಊರಲ್ಲಿ ಒಬ್ಬರೂ ಬೆಳಗಿರಲಿಲ್ಲ. ಹಾಗಾದರೆ ಯಾರ ತಪ್ಪೂ ಅಲ್ಲವೆಂದು ಅವನೂ ನಂಬಿದ. ಆಮೇಲೆ ಮೇನೆಗೆ ದಿನವೂ ಎಣ್ಣೆ ತಿಕ್ಕತೊಡಗಿದ. ಬೇರೆ ಏನು ಮಾಡಬೇಕೆಂದು ಅವನಿಗೆ ತೋಚಲಿಲ್ಲ.

ಈಗ, ಆಕಾಶ ಕಾಕಂಬಿಯಾದ ಈ ಮಧ್ಯಾಹ್ನ, ಒಳಮನೆಯ ದೀಪ ಎರಡು ಸಲ ಮಿಟುಕಿ ಹೋಯಿತು. ಅದೇ ಹೊತ್ತಿಗೆ ಮಗಳು ಹುಣಸೆಹಣ್ಣಿನ ಮೊರ ದೂಡಿ, “ಅಪ್ಪಾ,” ಎಂದಳು. ಎರಡನೆಯ ಸಲ ಕರೆದಾಗ ಅದು ಕರೆಯಾಗಿರಲಿಲ್ಲ, ಕೂಗಾಗಿತ್ತು. ಗದ್ದೆಯಿಂದ ಓಡಿಬಂದ ಅಳಿಯ ಅವಳ ಕೂಗು ಕೇಳಿಯೇ ಕಣ್ಣು ತಿರುಗಿ ಬಿದ್ದ. ಅವನನ್ನು ಎಳೆದು ಹಿತ್ತಿಲ ಬಾಗಿಲ ಬಳಿ ಮಲಗಿಸಿದ್ದಾಯಿತು.

ಸೂಲಗಿತ್ತಿ ಗೋಡೆ ತಡವುತ್ತ ಬಂದು, ಒಳಗೆ ಹೋಗಿ, ಸ್ವಲ್ಪ ಹೊತ್ತಿಗೆ ಹೊರಗೆ ಬಂದಳು.

“ಮೇನೆಯವ್ನೇ, ಕೂಸಿನ ಕುತ್ತಿಗೆಗೆ ಬಳ್ಳಿ ಸುತ್ತಿಕೊಂಡ ಹಾಗಿದೆ. ಕತ್ತಲಲ್ಲಿ ನಾನು ಕೈ ಹಾಕಲ್ಲ. ತಪ್ಪಿ ಎಳೆದರೆ ಎರಡು ಜೀವ. ಎಲ್ಲಿಂದಲಾದ್ರೂ ಬೆಳಕು ತಾ.”

“ಎಲ್ಲಿಂದ ತರಲಿ ಅಜ್ಜಿ?”

“ಮೇನೆ ಯಾರದಪ್ಪಾ? ನಂದಾ?”

ಮೇನೆಯವನು ಬಾಯಿಗೆ ವಸ್ತ್ರ ಕಟ್ಟಿ ಮುಂದಿನ ಬೊಂಬಿಗೆ ಹೆಗಲು ಕೊಟ್ಟ. ಭಾವಮೈದ ಹಿಂದಿನದಕ್ಕೆ ಕೊಟ್ಟ. ಖಾಲಿ ಮೇನೆ ಧೂಳಿನೊಳಗೆ ಹೊರಟಿತು. ಕೂಗುವವಳು ಇರಲಿಲ್ಲವಾಗಿ ಭಾವಮೈದನೇ ಕೂಗಿದ:

“ಬೆಳಗಿದವರು ಯಾರಾದ್ರೂ ಇದ್ದೀರೇನ್ರಪ್ಪೋ?”

“ಇಲ್ಲಪ್ಪ, ನಮ್ಮನೇಲಿ ಎಲ್ಲಾ ಆರೋಗ್ಯ!” ಎಂದಿತು ಒಂದು ಕಿಟಕಿ.

“ಪಕ್ಕದ ಮನೇಲಿ ಕೇಳು. ಅವನು ಬೆಳಗೋ ಪೈಕಿಯೇ,” ಎಂದಿತು ಇನ್ನೊಂದು.

“ನಿಮ್ಮಪ್ಪ ಬೆಳಗೋ ಪೈಕಿ!” ಎಂದಿತು ಪಕ್ಕದ ಮನೆ.

ಹೀಗೆ ಬೀದಿಬೀದಿ ಕೂಗಿ, ಬೀದಿಬೀದಿ ಬೈಸಿಕೊಂಡು, ಮೇನೆ ದೀಪಸಭೆಯ ಚಾವಡಿಗೆ ಬಂತು. ಕತ್ತಲಲ್ಲಿ ಸಭೆ ನಡೆದಿತ್ತು. ಚಕ್ಕುಲಿ ಮುರಿಯುವ ಸದ್ದು ಕೇಳುತ್ತಿತ್ತು.

“ಊಹಿಸಿರದ ಈ ಧೂಳನ್ನು ಸಭೆ ಬಲವಾಗಿ ಖಂಡಿಸುತ್ತದೆ,” ಎಂದಿತು ಯಜಮಾನರ ದನಿ. “ಒಪ್ಪುವವರು ಕೈ ಎತ್ತಿ.”

“ಎತ್ತಿದ್ದೇವೆ.”

“ಕಾಣುವುದಿಲ್ಲವಲ್ಲ.”

“ಇಳಿಸಿದವರೂ ಕಾಣುವುದಿಲ್ಲ ಯಜಮಾನ್ರೇ.”

“ಹಾಗಾದರೆ ಸರ್ವಾನುಮತ.”

ಮೇನೆಯವನು ಬಾಗಿಲಲ್ಲೇ ನಿಂತು ಮಗಳ ಸ್ಥಿತಿ ಹೇಳಿದ. ಚಕ್ಕುಲಿಯ ಸದ್ದು ಗೌರವದಿಂದ ನಿಂತಿತು.

“ನಿನ್ನ ಮಗಳ ಬಗ್ಗೆ ಸಭೆಗೆ ಬಹಳ ಕಳಕಳಿ ಇದೆ,” ಎಂದರು ಯಜಮಾನರು.

“ಕಳಕಳಿ ಹಾಗಿರಲಿ ಯಜಮಾನ್ರೇ. ಬೆಳಕು ಬೇಕಾಗಿತ್ತು.”

“ನೀನೇ ನೋಡು. ಇಲ್ಲಿ ಯಾರಾದರೂ ಬೆಳಗಿದ್ದಾರೆಯೇ?”

ಮೇನೆಯವನು ನೋಡಿದ. ಕಪ್ಪು ಬಿಟ್ಟರೆ ಬೇರೇನೂ ಇರಲಿಲ್ಲ.

“ಇಲ್ಲ,” ಎಂದ.

“ನಿನ್ನ ಬಾಯಿಂದಲೇ ಬಂತು. ಬೆಳಗಿದವರು ಎಲ್ಲಾದರೂ ಸಿಕ್ಕರೆ ಮೊದಲು ನಮಗೆ ತಿಳಿಸು. ಅಂಥವರನ್ನು ಸಭೆ ಸುಮ್ಮನೆ ಬಿಡುವುದಿಲ್ಲ.”

ಚಕ್ಕುಲಿಯ ಸದ್ದು ಮತ್ತೆ ಶುರುವಾಯಿತು.

ಮೇನೆ ಮರಳಿ ಹೊರಟಿತು. ಖಾಲಿ ಮೇನೆ ತುಂಬಿದ ಮೇನೆಗಿಂತ ಭಾರವೆಂದು ಮೇನೆಯವನಿಗೆ ಆವತ್ತು ಗೊತ್ತಾಯಿತು. ಅರ್ಧ ದಾರಿಯಲ್ಲಿ ಭಾವಮೈದ ಕುಂಟತೊಡಗಿದ.

“ಬೂಟಿನೊಳಗೆ ಹರಳು ಹೊಕ್ಕಿದೆ ಭಾವ. ಒಂದು ಗಳಿಗೆ ಇಳಿಸು. ನೀನು ಆ ಕಡೆ ತಿರುಗು.”

“ಬೂಟು ಬಿಚ್ಚೋಕೆ ನಾಚಿಕೆಯೇನೋ, ಮದುವಣಗಿತ್ತಿ?”

ಮೇನೆಯವನು ತಿರುಗಲಿಲ್ಲ. ಭಾವಮೈದ ಗೋಡೆಗೆ ಒರಗಿ ಬೂಟು ಎಳೆದ. ಕತ್ತಲಲ್ಲಿ ಒಂದು ಮಿಣುಕುಹುಳ ಹೊತ್ತಿಕೊಂಡಿತು. ಮಿಣುಕುಹುಳ ಅಲುಗಾಡದೆ ಒಂದೇ ಕಡೆ ಕೂತಿತ್ತು. ಮೇನೆಯವನು ಬಗ್ಗಿ ನೋಡಿದ. ಅದು ಭಾವಮೈದನ ಕಾಲಿನ ಕಿರುಬೆರಳಿನ ಉಗುರು.

“ಏನೋ ಇದು?”

“ಏನಿಲ್ಲ ಭಾವ. ಉಗುರುಸುತ್ತು.”

“ಉಗುರುಸುತ್ತು ನೋಯತ್ತೆ. ಹೊಳೆಯತ್ತೇನೋ?”

ಭಾವಮೈದ ಆ ಕಾಲನ್ನು ಇನ್ನೊಂದು ಕಾಲಿನ ಹಿಂದೆ ಬಚ್ಚಿಟ್ಟ. ಬೆಳಕು ಅಲ್ಲಿಂದಲೂ ಇಣುಕಿತು.

“ನಾನು ಕೊಂಬೆ ಉಪಸಮಿತಿಯ ಮೆಂಬರು ಭಾವ. ತಂತಿಗೆ ತಾಗೋ ಕೊಂಬೆ ಕಡಿಸೋದು ನಮ್ಮ ಕೆಲಸ.”

“ಕಡಿಸಿದಿರಾ?”

“ಕಡಿಸಬೇಕು ಅನ್ನೋದು ತೀರ್ಮಾನ ಆಗಿತ್ತು. ಎಲ್ಲಿಂದ ಶುರು ಮಾಡಬೇಕು ಅನ್ನೋದು ಚರ್ಚೆಯಲ್ಲಿತ್ತು. ಬೂಟು ಕೊಟ್ಟರು ಭಾವ, ಚಕ್ಕುಲಿ ಕೊಟ್ಟರು…”

“ಉಳಿದವರಿಗೂ ಹೀಗೆಯಾ?”

“ಎಲ್ಲರಿಗೂ. ಪಾಲು ಮಾಡಿ ಮಾಡಿ, ಒಬ್ಬರನ್ನೊಬ್ಬರು ತೋರಿಸಿ ತೋರಿಸಿ, ಇಳಿಸಿ ಇಳಿಸಿ ಇಷ್ಟಕ್ಕೆ ತಂದಿದ್ದೀವಿ. ಇದಕ್ಕಿಂತ ಕೆಳಗೆ ಇಳಿಯೋಕೆ ಮೈಯೇ ಇಲ್ಲವಲ್ಲ. ಅದಕ್ಕೇ ಬೂಟು. ಅದಕ್ಕೇ ನಾವು ಯಾರ ಮನೆಯೊಳಗೂ ಕಾಲಿಡಲ್ಲ.”

ಅಂಗಳದಲ್ಲಿ ನಿಂತು ಉಂಡ ಮದುವೆಯೂಟಗಳು, ಹೊಸಿಲಾಚೆಯಿಂದ ಹೇಳಿದ ಸಮಾಧಾನಗಳು ಎಲ್ಲವೂ ಮೇನೆಯವನ ಕಣ್ಣಿಗೆ ಕಟ್ಟಿದವು. ಅವನು ಬಗ್ಗಿ ಆ ಉಗುರನ್ನೇ ಮತ್ತೊಮ್ಮೆ ನೋಡಿದ. ಆಮೇಲೆ ಕೇಳಿದ:

“ನಿಮ್ಮಕ್ಕ ಸಾಯೋ ದಿನ ಈ ಉಗುರು ಹೀಗೇ ಇತ್ತಾ?”

ಭಾವಮೈದ ಬೂಟನ್ನು ಎದೆಗವಚಿಕೊಂಡು ಗೋಡೆಯ ಬುಡದಲ್ಲಿ ಕುಳಿತುಬಿಟ್ಟ.

“ಇತ್ತು ಭಾವ. ಒಂದು ಶೀಶೆ ನೋಡೋಕೆ ಸಾಕಾಗ್ತಿತ್ತು.”

ಮೇನೆಯವನು ಕೈ ಎತ್ತಿದ. ಎತ್ತಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಮೇನೆಯ ಬೊಂಬಿನ ಮೇಲಿಟ್ಟ. ದೂರದಲ್ಲಿ, ಧೂಳಿನಾಚೆ, ಮಗಳ ಕೂಗು ಕೇಳಿಸಿದಂತಾಯಿತು.

“ಏಳು,” ಎಂದ. “ಮನೆಗೆ ಹೋಗಿ ಅಜ್ಜಿಗೆ ದೀಪ ಹಿಡಿದ ಹಾಗೆ ಈ ಕಾಲು ಹಿಡಿ. ನಾನು ಬಂದೆ.”

ಅವನು ಒಬ್ಬನೇ ಚಾವಡಿಗೆ ಓಡಿದ. ಬಾಗಿಲಲ್ಲಿ ನಿಂತು ಹೆಂಡತಿ ಕೂಗುತ್ತಿದ್ದ ದನಿಯಲ್ಲಿ ಕೂಗಿದ:

“ಬೆಳಗಿದವರು ಸಿಕ್ಕರು! ನಮ್ಮ ಮನೆಯಲ್ಲಿದ್ದಾರೆ!”

ಚಾವಡಿಯಲ್ಲಿ ಅಂಥ ಸಂತೋಷ ಎಂದೂ ಕಂಡಿರಲಿಲ್ಲ. ಹಗಲುವೇಷ ನೋಡಲು ಓಡುವ ಮಕ್ಕಳಂತೆ ಇಡೀ ಸಭೆ ಎದ್ದಿತು. ಒಬ್ಬರ ಪಂಚೆಯ ಚುಂಗನ್ನು ಒಬ್ಬರು ಹಿಡಿದು, ಯಜಮಾನರನ್ನು ನಡುವೆ ಇಟ್ಟುಕೊಂಡು, ಧೂಳಿನಲ್ಲಿ ಸಾಲಾಗಿ ಓಡಿದರು.

“ಯಾರಿರಬಹುದು?”

“ತಂತಿಯವರ ಅಳಿಯನೇ. ನಾನು ಮೊದಲೇ ಹೇಳಿದ್ದೆ.”

“ರೀ, ನಾನಿಲ್ಲೇ ಇದ್ದೀನಿ, ನಿಮ್ಮ ಪಂಚೆ ಹಿಡಿದಿರೋನು ನಾನೇ.”

“ಎಲ್ಲೀವರೆಗೆ ಬೆಳಗಿದ್ದಾನಂತೆ? ಸೊಂಟದವರೆಗಾ?”

“ಯಾರೇ ಆಗಲಿ, ನಮ್ಮವರಲ್ಲ. ದೇವರು ದೊಡ್ಡವನು.”

ಮೇನೆಯವನ ಮನೆ ಬಂತು. ಒಬ್ಬರ ಮೇಲೊಬ್ಬರು ಬಿದ್ದು ಜಗಲಿ ಹತ್ತಿದರು. ಹೊಸಿಲು ಕಾಲಿಗೆ ತಾಗಿತು. ಅವರೆಲ್ಲ ತಾಯಂದಿರು ಬೆಳೆಸಿದ ಮಕ್ಕಳೇ. ಹೊಸಿಲು ತಾಗಿದೊಡನೆ, ತಲೆಗೆ ಗೊತ್ತಾಗುವ ಮೊದಲೇ, ಕೈಗಳು ತಾವಾಗಿ ಬಗ್ಗಿ ಬೂಟು ಕಳಚಿದವು. ಒಳಗೆ ನುಗ್ಗಿದರು.

“ಎಲ್ಲಿ? ಯಾರು? ಯಾರದು?”

ನಡುಮನೆಯ ನೆಲದ ಮೇಲೆ ಚಿಕ್ಕೆಗಳು ಚೆಲ್ಲಿದ್ದವು. ಎಲ್ಲರೂ ಮೆಚ್ಚಿ ನೋಡಿದರು. ಹೆಜ್ಜೆ ಇಟ್ಟರೆ ಚಿಕ್ಕೆಗಳೂ ಹೆಜ್ಜೆ ಇಟ್ಟವು. ನಿಂತರೆ ನಿಂತವು. ಆಮೇಲೆ ಒಬ್ಬೊಬ್ಬರಾಗಿ ಬಗ್ಗಿ ತಮ್ಮ ತಮ್ಮ ಕಾಲಿನ ಉಗುರು ನೋಡಿಕೊಂಡರು.

ಕೋಣೆಯ ಬಾಗಿಲಿಗೆ ಸೂಲಗಿತ್ತಿ ಒಂದು ಹಳೆಯ ಸೀರೆಯನ್ನು ಅಡ್ಡ ಕಟ್ಟಿದ್ದಳು. ಅದರ ಕೆಳಗೆ ಭಾವಮೈದ ನಡುಮನೆಯಲ್ಲಿ ಅಂಗಾತ ಮಲಗಿ ಕಾಲನ್ನಷ್ಟೇ ಒಳಗೆ ಚಾಚಿದ್ದ. ಸೂಲಗಿತ್ತಿ ಸೀರೆಯ ಆಚೆಯಿಂದಲೇ ಗದರಿದಳು.

“ನಿಂತು ನೋಡ್ತೀರಾ? ಮಲಗಿ! ಎಲ್ಲರೂ ಮಲಗಿ! ಕಾಲು ಒಳಗೆ, ತಲೆ ಹೊರಗೆ!”

ಊರನ್ನು ಆಳುವವರಿಗೆ ಹಾಗೆ ಯಾರೂ ಹೇಳಿರಲಿಲ್ಲ. ಹೇಳಿದ ದನಿಯಲ್ಲೇ ಏನೋ ಇತ್ತು. ಅವರಲ್ಲಿ ಅರ್ಧ ಜನರನ್ನು ಲೋಕಕ್ಕೆ ಎಳೆದವಳು ಅವಳೇ. ಎಲ್ಲರೂ ಸಾಲಾಗಿ ಮಲಗಿದರು. ಯಜಮಾನರು ನಡುವೆ ಮಲಗಿದರು. ಸೀರೆಯ ಕೆಳಗೆ ಬರಿಗಾಲುಗಳ ಸಾಲು ಒಳಹೊಕ್ಕಿತು.

“ಸಾಲದು,” ಎಂದಳು ಸೂಲಗಿತ್ತಿ. “ಇಷ್ಟರಲ್ಲಿ ಇರುವೆಗೆ ಹೆರಿಗೆ ಮಾಡಿಸಬಹುದು.”

“ತಂತಿಯವರು ಸ್ವಲ್ಪ ಮುಂದೆ ಚಾಚಲಿ,” ಎಂದರು ಕಂಬದವರು. “ಅವರದೇ ಹೆಚ್ಚು.”

“ನಂದೆಲ್ಲಿ ಹೆಚ್ಚು? ಕಂಬ ನೆಟ್ಟಗಿದ್ದರೆ ತಂತಿ ಯಾಕೆ ಹರಿಯತ್ತೆ?”

“ಯಾರೋ ಅದು ಮಾತಾಡಿದ್ದು? ಬೆಳಕು ತಗ್ಗಿತು!” ಎಂದು ಸೂಲಗಿತ್ತಿ ಕೈಗೆ ಸಿಕ್ಕಿದ ಕಾಲಿಗೆ ಫಟೀರನೆ ಬಿಟ್ಟಳು. ಅದು ಯಾರ ಕಾಲೋ. ‘ಅಯ್ಯೋ’ ಎಂದವರು ಮಾತ್ರ ಕೊನೆಯಲ್ಲಿ ಮಲಗಿದ್ದವರು, ಭಯಕ್ಕೆ.

ಒಳಗೆ ಮಗಳು ಕೂಗಲಿಲ್ಲ. ಕೂಗುವುದನ್ನು ನಿಲ್ಲಿಸಿದ್ದಳು. ಸೀರೆಯ ಪಕ್ಕದಲ್ಲಿ, ಊಟದ ಒಲೆಯ ಬಿಸಿ ಇನ್ನೂ ಉಳಿದಿದ್ದ ನೀರಿನ ಪಾತ್ರೆ ಹಿಡಿದು ನಿಂತಿದ್ದ ಮೇನೆಯವನಿಗೆ, ಕೂಗಿಗಿಂತ ಅದೇ ಹೆಚ್ಚು ಕೇಳಿಸಿತು.

ಭಾವಮೈದ ಕಣ್ಣು ಮುಚ್ಚಿಕೊಂಡ.

“ಕೊಂಬೆ ಕಡಿಸಬೇಕಾಗಿದ್ದದ್ದು ನಾನು,” ಎಂದ. “ಕುಡುಗೋಲು ನಮ್ಮನೇಲೇ ಇದೆ. ನನ್ನದು.”

ಅವನ ಉಗುರಿನಿಂದ ಬೆಳಕು ಬೆರಳಿಗೆ ಏರಿತು, ಬೆರಳಿನಿಂದ ಪಾದಕ್ಕೆ, ಪಾದದಿಂದ ಮಂಡಿಗೆ. ಸೀರೆ ಕೆಳಗಿನಿಂದ ಹೊಳೆಯಿತು. ಸಾಲಿನಲ್ಲಿದ್ದವರೆಲ್ಲ ತಲೆಯೆತ್ತಿ ನೋಡಿದರು.

“ನೋಯತ್ತೇನಯ್ಯಾ?” ಎಂದು ಕಂಬದವರು ಪಿಸುಗುಟ್ಟಿದರು.

“ಇಲ್ಲ. ಬೆಚ್ಚಗಿದೆ.”

ಕಂಬದವರು ಗಂಟಲು ಸರಿಮಾಡಿಕೊಂಡರು. “ಮೂಡಲ ಕಂಬ ವಾಲಿದ್ದು ಕಂಡಿದ್ದೆ. ಎಮ್ಮೆ ಕಟ್ಟೋ ಹಗ್ಗದಲ್ಲಿ ಎಳೆದು ಕಟ್ಟಿಸಿದ್ದೆ. ನನ್ನದು.”

“ಹೊಸ ತಂತಿ ಬಂದಿತ್ತು,” ಎಂದರು ತಂತಿಯವರು. “ನಮ್ಮ ಹಿತ್ತಲಲ್ಲಿ ಬಟ್ಟೆ ಒಣಗಿಸೋಕೆ ಕಟ್ಟಿದ್ದೀನಿ. ಚೆನ್ನಾಗಿ ಒಣಗತ್ತೆ. ನನ್ನದು.”

“ಗಾಳಿ ತಿರುಗಿದ್ದು ನೋಡಿದೆ,” ಎಂದರು ಗಾಳಿ ನೋಡುವವರು. “ಊಟ ಆದ ಮೇಲೆ ಹೇಳೋಣ ಅಂದುಕೊಂಡೆ. ನನ್ನದು.”

“ಊಟ ಆದ ಮೇಲೆ ನನಗೆ ಹೇಳಿದರು,” ಎಂದರು ಹೇಳುವವರು. “ನಾನು ನಿದ್ದೆ ಆದ ಮೇಲೆ ಹೇಳಿದೆ. ನನ್ನದು.”

“ನಾನು ಕೇಳಿದೆ,” ಎಂದರು ಕೇಳುವವರು. “ಕೇಳಿ, ಓಡಿಹೋಗಿ ಯಜಮಾನರಿಗೆ…”

ಅಲ್ಲಿಗೆ ಮಾತು ನಿಂತಿತು. ಸಾಲಿನ ಕಾಲುಗಳೆಲ್ಲ ಮಂಡಿಯವರೆಗೆ ಬೆಳಗಿದ್ದವು. ನಡುವಿನ ಎರಡು ಕಾಲು ಮಾತ್ರ ಕಪ್ಪಗಿದ್ದವು, ಒಂದು ಉಗುರು ಬಿಟ್ಟು.

“ಇನ್ನೂ ಬೇಕು,” ಎಂದಳು ಸೂಲಗಿತ್ತಿ. ಅವಳ ದನಿಯಲ್ಲಿ ಈಗ ಗದರಿಕೆ ಇರಲಿಲ್ಲ. “ಬಳ್ಳಿ ಕಂಡಿತು. ಗಂಟು ಕಾಣ್ತಿಲ್ಲ. ಬೇಗ.”

ಯಜಮಾನರು ಸೂರನ್ನು ನೋಡುತ್ತ ಮಲಗಿದ್ದರು.

“ಧೂಳು ಬರುತ್ತದೆಂದು ನನಗೆ ಗೊತ್ತಿತ್ತು,” ಎಂದರು.

ಬೆಳಕು ಅವರ ಸೊಂಟಕ್ಕೆ ಏರಿ ನಿಂತಿತು.

ಮೇನೆಯವನು ಪಾತ್ರೆ ಕೆಳಗಿಟ್ಟು ಅವರ ತಲೆಯ ಬಳಿ ಕುಳಿತ. “ಹೋದ ವರ್ಷ?” ಎಂದು ಕೇಳಿದ. ಮೆಲ್ಲಗೆ ಕೇಳಿದ, ಪಕ್ಕದಲ್ಲಿ ಮಲಗಿದ್ದ ಕಂಬದವರಿಗೂ ಕೇಳಿಸಲಿಲ್ಲ.

ಯಜಮಾನರು ಕಣ್ಣು ಮುಚ್ಚಿದರು. ತೆರೆದರು.

“ಹೋದ ವರ್ಷವೂ ಗೊತ್ತಿತ್ತು,” ಎಂದರು. “ಪ್ರತಿ ವರ್ಷವೂ ಗೊತ್ತಿರುತ್ತದೆ. ನನ್ನದು.”

ಬೆಳಕು ಅವರ ಎದೆ ದಾಟಿತು, ಕೊರಳು ದಾಟಿತು, ಮೀಸೆ ದಾಟಿತು. ಸೂರಿನ ಹುಲ್ಲು ಎಳೆ ಎಳೆಯಾಗಿ ಕಂಡಿತು. ಅಡ್ಡ ಕಟ್ಟಿದ್ದ ಸೀರೆಯ ಗಿಣಿಹಸಿರು ಬಣ್ಣ, ಅಂಚಿನ ಮಾವಿನಕಾಯಿ, ಸೆರಗಿನಲ್ಲಿ ಒಲೆಯ ಕಿಡಿ ಬಿದ್ದು ಆಗಿದ್ದ ತೂತು ಎಲ್ಲವೂ ಕಂಡವು. ಒಂದು ವರ್ಷದಿಂದ ಪೆಟ್ಟಿಗೆಯಲ್ಲಿ ಮಡಿಸಿಟ್ಟಿದ್ದ ಸೀರೆ ಅದು. ಅದರ ಆಚೆ ಸೂಲಗಿತ್ತಿಯ ನೆರಳು ಬಗ್ಗಿತು, ಎದ್ದಿತು, ಮತ್ತೆ ಬಗ್ಗಿತು.

“ಕಂಡಿತು,” ಎಂದಳು.

ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಕೂಸು ಅತ್ತಿತು. ಕೂಸಿನ ಅಳು ಕೇಳಿ ಹಿತ್ತಿಲ ಬಾಗಿಲಲ್ಲಿದ್ದ ಅಳಿಯ ಎದ್ದು ಕುಳಿತ. ನಡುಮನೆಯ ತುಂಬ ಬೆಳಗುತ್ತ ಮಲಗಿದ್ದ ದೊಡ್ಡಮನುಷ್ಯರನ್ನು ಕಂಡು ಮತ್ತೆ ಬಿದ್ದ.

“ಅಪ್ಪಾ,” ಎಂದಳು ಮಗಳು ಒಳಗಿನಿಂದ. ಈ ಸಲ ಅದು ಬರೀ ಕರೆ. “ಇವಳು ಅಮ್ಮನ ಹಾಗೇ ಕೂಗ್ತಾಳೆ.”

ಆಮೇಲಿನದು ರೂಢಿಯಂತೆ ನಡೆಯಿತು. ಎಲ್ಲರಿಗೂ ಮಜ್ಜಿಗೆ ಕೊಟ್ಟಿದ್ದಾಯಿತು. ಭಾವಮೈದ ಬರಿಗಾಲಲ್ಲಿ ಕುಡುಗೋಲು ಹಿಡಿದು ಕೊಂಬೆಗೆ ಹೋದ. ಕಂಬದವರು ಕಂಬಕ್ಕೆ, ತಂತಿಯವರು ತಮ್ಮ ಹಿತ್ತಲಿಗೆ ಹೋದರು. ಹೆಂಡತಿಯ ಹಸಿಬಟ್ಟೆಗಳನ್ನು ಹೆಗಲ ಮೇಲೆ ಹಾಕಿಕೊಂಡೇ ತಂತಿ ಬಿಚ್ಚಿದರೆಂದು ಕಂಡವರು ಹೇಳುತ್ತಾರೆ. ಧೂಳಿನಲ್ಲಿ ಅಲ್ಲೊಂದು ಇಲ್ಲೊಂದು ಬೆಳಕು ಏಣಿ ಹತ್ತುವುದು, ಇಳಿಯುವುದು ಕಂಡಿತು. ಕೆಲಸ ಮುಗಿದ ಹಾಗೆ ಒಬ್ಬೊಬ್ಬರೇ ಆರಿದರು.

ಕರೆಂಟು ಇನ್ನೂ ಬಂದಿರಲಿಲ್ಲ, ಯಜಮಾನರ ಪಾಲಿನ ಕೆಲಸ ಬಾಕಿಯಿತ್ತು. ಅವರು ನಡುಮನೆಯಲ್ಲೇ ಕುಳಿತಿದ್ದರು. ಅವರ ಸುತ್ತ ನೆರೆಮನೆಯವರು ಸೇರಿದ್ದರು. ಒಬ್ಬಳು ಅಕ್ಕಿಯ ಕಲ್ಲು ಆರಿಸುತ್ತಿದ್ದಳು. ಒಬ್ಬ ಸೂಜಿಗೆ ದಾರ ಪೋಣಿಸುತ್ತಿದ್ದ. “ಸ್ವಲ್ಪ ಈ ಕಡೆ ತಿರುಗಿ ಯಜಮಾನ್ರೇ,” ಎಂದರೆ ಅವರು ತಿರುಗುತ್ತಿದ್ದರು.

“ನಾನೂ ಏಣಿ ಹತ್ತುತ್ತೇನೆ,” ಎಂದರು ಕೊನೆಗೆ, ಮೇನೆಯವನ ಕಡೆ ನೋಡಿ. “ಈ ವರ್ಷದ್ದನ್ನು ಸರಿಮಾಡಬಹುದು. ಹೋದ ವರ್ಷದ್ದಕ್ಕೆ ಯಾವ ಏಣಿ?”

ಮೇನೆಯವನು ನೆರೆಮನೆಯವನೊಬ್ಬನ ಜೊತೆ ಹೋಗಿ, ದಾರಿಯಲ್ಲಿ ಬಿಟ್ಟಿದ್ದ ಮೇನೆಯ ಧೂಳು ಕೊಡವಿ, ಹಾಸು ಸರಿಮಾಡಿ, ಬಾಗಿಲಿಗೆ ಹೊತ್ತು ತಂದು ಇಳಿಸಿದ. ಯಜಮಾನರು ಬರಿಗಾಲಲ್ಲಿ ಬಂದು ಹತ್ತಿ ಕುಳಿತರು.

ಪಕ್ಕದ ಬೀದಿಯಲ್ಲಿ ಒಬ್ಬರಿಗೆ ಹಲ್ಲು ಕೀಳಿಸಬೇಕಾಗಿತ್ತು.